ಬಿಸಿಲು, ಲೋಹದ ನೀರು ಮತ್ತು ಮಲೆನಾಡು: ಯಾವ ನೀರಿಗೆ ಯಾವ ವಿಧಾನ?

ತಾಮ್ರ, ಬೆಳ್ಳಿ, ನಿಕ್ಕೆಲ್, ಕ್ರೋಮಿಯಂ ಬೆರೆತ ನೀರು ದೊಡ್ಡ ಕಾರ್ಖಾನೆಗಳಿಂದ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಲೋಹದ ಲೇಪ ಹಾಕುವ ಪ್ಲೇಟಿಂಗ್ ಅಂಗಡಿಯ ತೊಳೆನೀರು, ಅಕ್ಕಸಾಲಿಗರ ನೈಟ್ರಿಕ್ ಆಮ್ಲದ ಉಳಿಕೆ, ಎಕ್ಸ್‌ರೇ ಫಿಲ್ಮ್ ತೊಳೆದ ಫಿಕ್ಸರ್, ಕಾಲೇಜು ಲ್ಯಾಬಿನಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆದ ದ್ರಾವಣ, ಅಡಿಕೆಗೆ ಕೊಳೆ ಔಷಧಿ ಹೊಡೆದು ತೊಳೆದ ಡ್ರಮ್ಮಿನ ನೀರು, ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಚರಂಡಿಗೆ ಬಿಟ್ಟದ್ದು ತುಂಗೆಗೋ ಭದ್ರೆಗೋ ಸೇರುತ್ತದೆ, ಕೂಡ್ಲಿಯಲ್ಲಿ ಎರಡೂ ಒಂದಾಗುತ್ತವೆ. ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ ತಾಮ್ರ 3 ಮಿ.ಗ್ರಾಂ, ನಿಕ್ಕೆಲ್ 3 ಮಿ.ಗ್ರಾಂ, ಒಟ್ಟು ಕ್ರೋಮಿಯಂ 2 ಮಿ.ಗ್ರಾಂ, ಆರು ವೇಲೆನ್ಸಿಯ ಕ್ರೋಮಿಯಂ ಬರೀ 0.1 ಮಿ.ಗ್ರಾಂ ಮೀರಬಾರದು ಎಂದು 1986ರ ಪರಿಸರ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 5.5ರಿಂದ 9ರೊಳಗೆ ಇರಬೇಕು.

ಈ ನೀರನ್ನು ಬಿಸಿಲಿನಿಂದ ಶುದ್ಧ ಮಾಡುವ ದಾರಿಗಳು ಮುಖ್ಯವಾಗಿ ನಾಲ್ಕು: ಬಿಸಿಲ ಶಾಖದಿಂದ ಆವಿ ಮಾಡುವುದು, ಸೋಲಾರ್ ಪ್ಯಾನೆಲ್ಲಿನ ಕರೆಂಟಿನಿಂದ ಲೋಹವನ್ನು ತಗಡಿನ ಮೇಲೆ ಕೂರಿಸುವುದು, ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ಬೆಳಕು ಬಿದ್ದು ರಾಸಾಯನಿಕ ಕ್ರಿಯೆ ನಡೆಸುವ ಫೋಟೊಕ್ಯಾಟಲಿಸಿಸ್, ಮತ್ತು ಕಬ್ಬಿಣದ ಲವಣ, ಹೈಡ್ರೋಜನ್ ಪೆರಾಕ್ಸೈಡ್, ಬಿಸಿಲು ಮೂರೂ ಸೇರಿ ಕಲ್ಮಶ ಮುರಿಯುವ ಫೋಟೊ-ಫೆಂಟನ್. ಮಾರುವವರು ಪ್ರತಿಯೊಂದನ್ನೂ ಎಲ್ಲ ನೀರಿಗೂ ಆಗುತ್ತದೆ ಎನ್ನುತ್ತಾರೆ. ಹಾಗೆ ಆಗುವುದಿಲ್ಲ. ಲೀಟರಿಗೆ ಎಷ್ಟು ಗ್ರಾಂ ಲೋಹ ಇದೆ, ಜೊತೆಗೆ ಇನ್ನೇನು ಬೆರೆತಿದೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಉಳಿದ ಕಾಲು ಪಾಲನ್ನು ನಮ್ಮ ಮಳೆಗಾಲ ತೀರ್ಮಾನಿಸುತ್ತದೆ.

ಮೊದಲು ನೀರನ್ನು ತಿಳಿಯಿರಿ

ನೀರಿನಲ್ಲಿ ಕರಗಿದ ಒಟ್ಟು ಲವಣ ತೋರುವ ಟಿಡಿಎಸ್ ಮೀಟರ್ ಹಿಡಿದು ಲೋಹ ಅಳೆಯಲು ಹೋಗಬೇಡಿ. ಅದು ಉಪ್ಪನ್ನೂ ತಾಮ್ರವನ್ನೂ ಒಂದೇ ಎಂದು ಓದುತ್ತದೆ. ತಾಮ್ರ ಪರೀಕ್ಷಿಸುವ ಕಾಗದದ ಪಟ್ಟಿ, ಪಿಎಚ್ ಪಟ್ಟಿ ತಂದಿಟ್ಟುಕೊಳ್ಳಿ. ನಿಖರ ಅಂಕಿಗೆ ಮಾನ್ಯತೆ ಇರುವ ಲ್ಯಾಬಿಗೆ ಒಮ್ಮೆ ಮಾದರಿ ಕಳಿಸಿ. ತೋಟದವರಿಗೆ ಗೊತ್ತಿರುವ ಪರೀಕ್ಷೆಯೊಂದು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ಹಿಡಿಯುತ್ತಾರಲ್ಲ, ಅಲಗಿನ ಮೇಲೆ ಕೆಂಪು ಲೇಪ ಬಂದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ತೊಳೆನೀರಿಗೂ ಹಾಗೆಯೇ: ಸ್ವಚ್ಛ ಮೊಳೆ ಹತ್ತು ನಿಮಿಷದಲ್ಲಿ ದಟ್ಟವಾಗಿ ಕೆಂಪಾದರೆ ತಾಮ್ರ ಧಾರಾಳವಾಗಿದೆ, ಹಿಂದಕ್ಕೆ ಪಡೆಯಲು ಯೋಗ್ಯ. ಕಬ್ಬಿಣ ತಾನು ಕರಗಿ ತಾಮ್ರಕ್ಕೆ ಜಾಗ ಬಿಡುವುದರಿಂದ ಹೀಗಾಗುತ್ತದೆ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಎನ್ನುವುದೂ ಇದಕ್ಕೇ.

ಯಾವ ವಿಧಾನ ಹಿಡಿದರೂ ಒಂದು ನಿಯಮ ಸಡಿಲಿಸುವಂತಿಲ್ಲ: ಒಂದೊಂದು ನೀರನ್ನು ಒಂದೊಂದು ಕ್ಯಾನಿನಲ್ಲೇ ಇಡಿ. ನಿಕ್ಕೆಲ್ ತೊಳೆನೀರಿಗೆ ಕ್ರೋಮಿಯಂ ಬೆರೆತರೆ ಎರಡನ್ನೂ ಕಳೆದುಕೊಂಡಂತೆ. ಸಯನೈಡ್ ಇರುವ ಚಿನ್ನ-ಬೆಳ್ಳಿ ಪ್ಲೇಟಿಂಗ್ ನೀರಿಗೆ ಆಮ್ಲ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಜೀವ ಹೋಗುತ್ತದೆ. ಸಯನೈಡ್ ನೀರಿಗೆ ಈ ಬರಹದ ಯಾವ ವಿಧಾನವನ್ನೂ ಅಂಗಡಿಯಲ್ಲಿ ಪ್ರಯೋಗಿಸಬೇಡಿ. ಪರವಾನಗಿ ಇರುವ ಸಂಸ್ಕರಣಾ ಘಟಕಕ್ಕೇ ಕೊಡಿ.

ಆವಿ ತಟ್ಟೆ: ಬಿಸಿಲಿಗೆ ಒಪ್ಪುವ ಭಾರದ ಕೆಲಸ

ಸೌರ ಎಂದೊಡನೆ ಎಲ್ಲರೂ ಪ್ಯಾನೆಲ್ ಕಡೆ ನೋಡುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. 100 ಲೀಟರಿಗೆ 67 ಯೂನಿಟ್. ಅದೇ ನೀರಿನಿಂದ 100 ಗ್ರಾಂ ತಾಮ್ರವನ್ನು ಕರೆಂಟಿನಲ್ಲಿ ತೆಗೆಯಲು 0.3 ಯೂನಿಟ್ ಸಾಕು. ಪುಕ್ಕಟೆ ಬಿಸಿಲು ನಿಜಕ್ಕೂ ಹಣ ಉಳಿಸುವುದು ಆವಿ ಮಾಡುವಲ್ಲಿ. ಪ್ಯಾನೆಲ್ಲಿನ ಲಾಭ ಕರೆಂಟ್ ಬಿಲ್ಲಿನದಲ್ಲ, ಕರೆಂಟ್ ಹೋದಾಗಲೂ ಕೆಲಸ ನಿಲ್ಲದಿರುವುದು.

ಡಿಸೆಂಬರಿನಿಂದ ಮೇ ತನಕ ತೆರೆದ ತಟ್ಟೆಯಲ್ಲಿ ದಿನಕ್ಕೆ ಚದರ ಮೀಟರಿಗೆ 4ರಿಂದ 6 ಲೀಟರ್ ಆರುತ್ತದೆ. ಆವಿಯನ್ನು ಗಾಜಿಗೆ ಬಡಿಸಿ ಶುದ್ಧ ನೀರನ್ನೂ ಹಿಡಿಯುತ್ತೇನೆ ಎಂದರೆ 2.5ರಿಂದ 3 ಲೀಟರಿಗೆ ಇಳಿಯುತ್ತದೆ. ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಬಿಸಿಲು ಬಿದ್ದರೆ ಲೆಕ್ಕದ ಪ್ರಕಾರ ಏಳೂವರೆ ಲೀಟರ್ ಆಗಬೇಕು. ಗಾಜು, ಗೋಡೆ, ತಳದಲ್ಲಿ ಶಾಖ ಸೋರಿ ಮೂರನೇ ಒಂದು ಭಾಗಕ್ಕೆ ನಿಲ್ಲುತ್ತದೆ. ನೀರು ಮರುಬಳಕೆ ತೀರಾ ಬೇಕಿಲ್ಲದಿದ್ದರೆ ಗಾಜಿನ ಪೆಟ್ಟಿಗೆಯ ತಾಪತ್ರಯ ಬೇಡ.

ಮಲೆನಾಡಿನಲ್ಲಿ ಚಾವಣಿ ಇಲ್ಲದ ಆವಿ ಹೊಂಡ ಮಾಡಿದರೆ ಕೆಲಸ ಕೆಟ್ಟಂತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆಯೂ ಜೂನ್ ಬಂತೆಂದರೆ ಹೊಂಡ ತುಂಬಿ ವಿಷದ ನೀರು ಗದ್ದೆಗೆ ಹರಿಯುತ್ತದೆ. ಅಡಿಕೆ ಒಣಗಿಸಲು ಹಾಕುವ ಪಾಲಿಹೌಸ್ ಮಾದರಿಯ 200 ಮೈಕ್ರಾನ್ ಹಾಳೆಯ ಗೂಡು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡೂ ತುದಿ ಗಾಳಿಗೆ ತೆರೆದಿರಬೇಕು, ಮೇಲೆ ಬಿಸಿಗಾಳಿ ಹೋಗಲು ಕಿಂಡಿ ಬೇಕು. ಮುಚ್ಚಿಬಿಟ್ಟರೆ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ತಟ್ಟೆಗೇ ತೊಟ್ಟಿಕ್ಕುತ್ತದೆ. ಅಡಿಕೆ ಒಣಗಿಸುವ ಗೂಡನ್ನೇ ಇದಕ್ಕೂ ಬಳಸಬಾರದು, ಎರಡು ದಿನದ ಮಟ್ಟಿಗೂ ಬೇಡ. ಅಡಿಕೆ ಬಾಯಿಗೆ ಹಾಕುವ ವಸ್ತು.

ತಟ್ಟೆಗೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಕಪ್ಪು ಹಾಳೆ ಒಳ್ಳೆಯದು. ಸಿಮೆಂಟ್ ತೊಟ್ಟಿಯನ್ನು ಆಮ್ಲ ತಿನ್ನುತ್ತದೆ. ಜಿಐ ತಗಡಿನ ಸತುವಿನ ಮೇಲೆ ತಾಮ್ರ ಕೂತು, ತಗಡು ತೂತಾಗುತ್ತದೆ. ನೀರಿನ ಆಳ 5ರಿಂದ 8 ಸೆಂ.ಮೀ. ಇರಲಿ. ಕಪ್ಪು ಹತ್ತಿ ಬಟ್ಟೆ ತೇಲಿಬಿಟ್ಟರೆ ಆವಿ ಬೇಗ ಏಳುತ್ತದೆ. ಆದರೆ ವಾರದೊಳಗೆ ಬಟ್ಟೆಯ ಮೇಲೆ ಹರಳು ಕಟ್ಟಿ ಬಿಸಿಲು ತಡೆಯುವುದರಿಂದ, ಅದನ್ನು ಅದೇ ದ್ರಾವಣದಲ್ಲಿ ಅದ್ದಿ ತೊಳೆಯುತ್ತಿರಬೇಕು.

ಇದಕ್ಕೂ ಮೊದಲು ನೀರನ್ನೇ ಕಡಿಮೆ ಮಾಡುವುದು ಲೇಸು. ಪ್ಲೇಟಿಂಗ್ ತೊಟ್ಟಿಯಿಂದ ಎತ್ತಿದ ಸಾಮಾನನ್ನು ನೇರ ನಲ್ಲಿಗೆ ಹಿಡಿಯುವ ಬದಲು ಮೊದಲು ನಿಂತ ನೀರಿನ ಬಕೆಟ್ಟಿಗೆ ಅದ್ದಿ, ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ ಅದ್ದಿ. ಲೋಹದ ಬಹುಪಾಲು ಮೊದಲ ಬಕೆಟ್ಟಿನಲ್ಲೇ ಉಳಿಯುತ್ತದೆ. ಅಷ್ಟು ಮಾಡಿದವರಿಗೆ ತಟ್ಟೆ ಬೇಕಾಗದೆಯೂ ಇರಬಹುದು.

ಪ್ಯಾನೆಲ್ ಮತ್ತು ತಗಡು: ಲೋಹ ಕೈಗೆ ಸಿಗುವ ದಾರಿ

ಶುದ್ಧ ಲೋಹ ಬೇಕೆಂದರೆ ಇದೇ. ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ತಾಮ್ರ 1.19 ಗ್ರಾಂ, ನಿಕ್ಕೆಲ್ 1.1 ಗ್ರಾಂ, ಬೆಳ್ಳಿ 4 ಗ್ರಾಂ ಕೂರುತ್ತದೆ. ಇದು ಫ್ಯಾರಡೆ ನಿಯಮದ ಲೆಕ್ಕ. ಕೈಗೆ ಸಿಗುವುದು ಅದರ 60–80%.

ದ್ರಾವಣದಲ್ಲಿ ಎದುರುಬದುರು ಎರಡು ತಗಡು ಇಳಿಬಿಟ್ಟ ಡಬ್ಬಿಯೇ ಸೆಲ್: ಋಣ ತಗಡಿನ ಮೇಲೆ ಲೋಹ ಕೂರುತ್ತದೆ, ಎದುರಿನದು ಧನ ತಗಡು. ತಾಮ್ರದ ಸೆಲ್ಲಿಗೆ 2ರಿಂದ 2.5 ವೋಲ್ಟ್ ಸಾಕು. ಅಂಗಡಿಯಲ್ಲಿ ‘12 ವೋಲ್ಟ್’ ಎಂದು ಕೊಡುವ 100 ವ್ಯಾಟ್ ಪ್ಯಾನೆಲ್ ಬಿಸಿಲಿನಲ್ಲಿ 18 ವೋಲ್ಟ್, ಐದೂವರೆ ಆಂಪಿಯರ್ ಕೊಡುತ್ತದೆ. ಅದನ್ನು ಒಂದೇ ಸೆಲ್ಲಿಗೆ ನೇರ ಜೋಡಿಸಿದರೆ ವೋಲ್ಟೇಜ್ ಎರಡೂವರೆಗೆ ಕುಸಿದು 100 ವ್ಯಾಟಿನಲ್ಲಿ 15 ವ್ಯಾಟ್ ಮಾತ್ರ ಕೆಲಸಕ್ಕೆ ಬರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಪರಿಹಾರ ಎರಡು. ಬಕ್ ಕನ್ವರ್ಟರ್ ಹಾಕಿ ವೋಲ್ಟೇಜ್ ಇಳಿಸಿ ಆಂಪಿಯರ್ ಏರಿಸುವುದು ಒಂದು. ಆರು ಸೆಲ್ಲುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಕಟ್ಟುವುದು ಇನ್ನೊಂದು. ಸರಣಿಗೆ ಕನ್ವರ್ಟರ್ ಬೇಡ, ಕೆಡುವ ಎಲೆಕ್ಟ್ರಾನಿಕ್ಸ್ ಇಲ್ಲ. ಆದರೆ ಆರೂ ಸೆಲ್ಲಿಗೆ ಬೇರೆ ಬೇರೆ ಡಬ್ಬಿಯೇ ಇರಬೇಕು, ಒಂದು ತಂತಿ ಕಳಚಿದರೆ ಆರೂ ನಿಲ್ಲುತ್ತವೆ. ದಿನಾ ಒಬ್ಬರು ನೋಡಿಕೊಳ್ಳುವ ಕಡೆ ಸರಣಿಯೇ ಮೇಲು ಎನ್ನುವುದು ನಮ್ಮ ಮತ.

ಒಳ್ಳೆಯ ಬಿಸಿಲಿನ ದಿನ ಈ ಪ್ಯಾನೆಲ್ 400 ವ್ಯಾಟ್-ಗಂಟೆ ಕೊಟ್ಟರೆ, ಕನ್ವರ್ಟರಿನ ನಷ್ಟ ಕಳೆದು ಎರಡೂವರೆ ವೋಲ್ಟಿನಲ್ಲಿ ಸುಮಾರು 140 ಆಂಪಿಯರ್-ಗಂಟೆ, ಅಂದರೆ 115 ಗ್ರಾಂ ಆಸುಪಾಸಿನ ತಾಮ್ರ. ಶಿವಮೊಗ್ಗ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಪ್ಯಾನೆಲ್ಲನ್ನು ದಕ್ಷಿಣಕ್ಕೆ 14 ಡಿಗ್ರಿ ಓರೆ ಮಾಡಿ. ನಮ್ಮಲ್ಲಿ ಧೂಳಿಗಿಂತ ಪಾಚಿಯ ಕಾಟ ಹೆಚ್ಚು. ಕೆಳ ಅಂಚಿನಲ್ಲಿ ಹಸಿರು ಪಟ್ಟಿ ಕಟ್ಟದಂತೆ ಉಜ್ಜುತ್ತಿರಿ.

ಲೋಹ ಕೂರುವ ತಗಡಿಗೆ 304 ಸ್ಟೇನ್‌ಲೆಸ್ ಸ್ಟೀಲ್ ಆಗುತ್ತದೆ. ಆದರೆ ಎದುರಿನ ಧನ ತಗಡಿಗೂ ಅದನ್ನೇ ಹಾಕಿದರೆ ಅದು ಕರಗಿ ನೀರಿಗೆ ಕ್ರೋಮಿಯಂ, ನಿಕ್ಕೆಲ್ ಬಿಡುತ್ತದೆ, ಇಲ್ಲದ ರೋಗ ಅಂಟಿಸಿಕೊಂಡಂತಾಗುತ್ತದೆ. ಸಲ್ಫೇಟ್ ದ್ರಾವಣಕ್ಕೆ ಸೀಸ ಅಥವಾ ಇರಿಡಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಸರಿ. ಗ್ರಾಫೈಟ್ ಅಗ್ಗ, ಪುಡಿ ಉದುರುತ್ತದೆ. ಉಪ್ಪಿನ ಅಥವಾ ಹೈಡ್ರೋಕ್ಲೋರಿಕ್ ಆಮ್ಲದ ಅಂಶವಿದ್ದರೆ ಧನ ತಗಡಿನಲ್ಲಿ ಕ್ಲೋರಿನ್ ಏಳುತ್ತದೆ, ಒಳಕೋಣೆಯಲ್ಲಿ ಮಾಡಲೇಬಾರದು.

ತಗಡಿನ ಗಾತ್ರ ಲೋಹದ ಸಾಂದ್ರತೆಗೆ ತಕ್ಕಂತೆ ಇರಬೇಕು. ಲೀಟರಿಗೆ 5 ಗ್ರಾಂ ತಾಮ್ರವಿದ್ದಾಗ ಚದರ ಮೀಟರಿಗೆ 150 ಆಂಪಿಯರ್ ಹರಿಸಬಹುದು. 30×30 ಸೆಂ.ಮೀ. ತಗಡಿನ ಎರಡೂ ಮೈ ಸೇರಿ 0.18 ಚ.ಮೀ.; ಅದಕ್ಕೆ 27 ಆಂಪಿಯರ್. ಸಾಂದ್ರತೆ 1 ಗ್ರಾಮಿಗೆ ಇಳಿದಾಗ, ಮೆಲ್ಲಗೆ ಕಲಕುವ ತೊಟ್ಟಿಯಲ್ಲಿ ಚದರ ಮೀಟರಿಗೆ 30 ಆಂಪಿಯರ್ ದಾಟಿದರೆ ಲೋಹ ತಗಡಿನ ಬಳಿ ಬರುವ ವೇಗ ಸಾಲದೆ, ಉಳಿದ ಕರೆಂಟ್ ಹೈಡ್ರೋಜನ್ ಮಾಡಲು ಹೋಗುತ್ತದೆ. ಗುಲಾಬಿ ಬಣ್ಣದ ಗಟ್ಟಿ ಪದರದ ಬದಲು ಕಂದು-ಕಪ್ಪು ಪುಡಿ ಕಟ್ಟಿ, ಮುಟ್ಟಿದರೆ ಉದುರುವುದು ಇದರ ಗುರುತು. ಆಗ ಕರೆಂಟ್ ಇಳಿಸಿ, ಅಕ್ವೇರಿಯಂ ಪಂಪಿನಿಂದ ಗುಳ್ಳೆ ಬಿಡಿ, ಅಥವಾ ತಗಡಿನ ಬದಲು ಸ್ಟೀಲ್ ಜಾಲರಿ ಹಾಕಿ. ಸಂಜೆ ಬಿಸಿಲು ಹೋದ ಮೇಲೆ ತಗಡನ್ನು ನೀರಿನಿಂದ ಎತ್ತಿಡಿ. ಆಮ್ಲದಲ್ಲೇ ಬಿಟ್ಟರೆ ಕೂತ ತಾಮ್ರ ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಮತ್ತೆ ಕರಗುತ್ತದೆ.

ಬೆಳ್ಳಿಗೆ ಇದಕ್ಕಿಂತ ಸಲೀಸು ಇಲ್ಲ. ಲೀಟರಿಗೆ 4 ಗ್ರಾಂ ಬೆಳ್ಳಿಯಿರುವ 5 ಲೀಟರ್ ಹಳೆಯ ಫಿಕ್ಸರಿನಲ್ಲಿ 20 ಗ್ರಾಂ ಬೆಳ್ಳಿ. ಲೆಕ್ಕಕ್ಕೆ 5 ಆಂಪಿಯರ್-ಗಂಟೆ ಮಾತ್ರ. ಆತುರಪಟ್ಟು ಕರೆಂಟ್ ಏರಿಸಿದರೆ ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಕಪ್ಪು ಸಿಲ್ವರ್ ಸಲ್ಫೈಡ್ ಕಟ್ಟುತ್ತದೆ. ಅರ್ಧದಿಂದ ಒಂದು ಆಂಪಿಯರಿನಲ್ಲಿ, ಕಲಕುತ್ತಾ, ಇಡೀ ಹಗಲು ಬಿಡಿ. ಲೀಟರಿಗೆ ಅರ್ಧ ಗ್ರಾಮಿಗೆ ಇಳಿದಾಗ ನಿಲ್ಲಿಸಿ ಉಳಿದದ್ದನ್ನು ಸ್ಟೀಲ್ ವೂಲ್ ತುಂಬಿದ ಕೊಳವೆಯಲ್ಲಿ ಹಾಯಿಸಿ. ನೈಟ್ರಿಕ್ ಆಮ್ಲದಲ್ಲಿ ಕರಗಿದ ಬೆಳ್ಳಿಗಾದರೆ ಪ್ಯಾನೆಲ್ಲೂ ಬೇಡ. ಒಂದು ಗ್ರಾಂ ಬೆಳ್ಳಿಗೆ 0.54 ಗ್ರಾಂ ಅಡುಗೆ ಉಪ್ಪು ಸಾಕು; ಬಿಳಿ ಮೊಸರಿನಂತೆ ಸಿಲ್ವರ್ ಕ್ಲೋರೈಡ್ ತಳ ಸೇರುತ್ತದೆ. ಬಿಸಿಲಿಗೆ ಇಟ್ಟರೆ ಅದರ ಮೇಲ್ಮೈ ನಿಮಿಷಗಳಲ್ಲಿ ನೇರಳೆಗೆ ತಿರುಗಿ ಕಪ್ಪಾಗುತ್ತದೆ, ಬೆಳಕೇ ಬೆಳ್ಳಿಯನ್ನು ಬಿಡಿಸುತ್ತಿರುವ ಗುರುತು ಅದು. ಆದರೆ ಮೇಲ್ಪದರ ಮಾತ್ರ. ಪೂರ್ತಿ ಬೆಳ್ಳಿ ಬೇಕಾದರೆ ತೆಳು ಆಮ್ಲದಲ್ಲಿ ಕಬ್ಬಿಣದ ಚೂರು ಹಾಕಬೇಕು. ಉಪ್ಪು ವಿಪರೀತ ಸುರಿದರೆ ಬೆಳ್ಳಿ ಸ್ವಲ್ಪ ಮತ್ತೆ ಕರಗುತ್ತದೆ. ಫಿಕ್ಸರಿಗೆ ಈ ಉಪ್ಪಿನ ವಿದ್ಯೆ ನಡೆಯದು. ಬೆಳ್ಳಿಯ ದ್ರಾವಣಕ್ಕೆ ಅಮೋನಿಯ ಬೆರೆಸಿ ಇಟ್ಟರೆ ಸಿಡಿಯುವ ವಸ್ತು ಹುಟ್ಟುತ್ತದೆ, ಅದರ ಗೊಡವೆಗೇ ಹೋಗಬೇಡಿ.

ನಿಕ್ಕೆಲ್ ಹಟಮಾರಿ. ಪಿಎಚ್ 4ರಿಂದ 5ರಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಧನ ತಗಡಿನಲ್ಲಿ ಆಮ್ಲ ಹುಟ್ಟುತ್ತಲೇ ಇರುವುದರಿಂದ ಪಿಎಚ್ ಇಳಿದು ಇಳುವರಿ ಬೀಳುತ್ತದೆ. ಗಂಟೆಗೊಮ್ಮೆ ಪಿಎಚ್ ನೋಡಿ ಸರಿಮಾಡುವ ತಾಳ್ಮೆ ಇಲ್ಲದಿದ್ದರೆ ತೊಳೆನೀರನ್ನು ಆವಿ ತಟ್ಟೆಯಲ್ಲಿ ಗಟ್ಟಿ ಮಾಡಿ, ಸೋಸಿ, ಪ್ಲೇಟಿಂಗ್ ತೊಟ್ಟಿಗೇ ಹಿಂದಿರುಗಿಸುವುದು ಜಾಣತನ.

ಫೋಟೊಕ್ಯಾಟಲಿಸಿಸ್: ಹೆಸರು ದೊಡ್ಡದು, ಜಾಗ ಸಣ್ಣದು

ಜಪಾನಿನ ಫುಜಿಶಿಮ ಮತ್ತು ಹೋಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಬೆಳಕಿನಲ್ಲಿ ನೀರನ್ನು ಒಡೆಯಬಲ್ಲದು ಎಂದು ಪ್ರಕಟಿಸಿದಾಗಿನಿಂದ ಈ ವಿದ್ಯೆಯ ಮೇಲೆ ಅಪಾರ ಸಂಶೋಧನೆ ನಡೆದಿದೆ. ಬೆಳಕು ಬಿದ್ದಾಗ ಪುಡಿಯ ಮೇಲೆ ಹುಟ್ಟುವ ಇಲೆಕ್ಟ್ರಾನು ಬೆಳ್ಳಿ, ಚಿನ್ನ, ತಾಮ್ರವನ್ನು ಲೋಹವಾಗಿಸುತ್ತದೆ, ವಿಷದ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸುತ್ತದೆ. ಅದೇ ಹೊತ್ತಿಗೆ ಸಾವಯವ ಕಲ್ಮಶ ಸುಡುತ್ತದೆ. ತೊಂದರೆ ಏನೆಂದರೆ, ಇದು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗದ ಬೆಳಕನ್ನು ಮಾತ್ರ ಹಿಡಿಯುತ್ತದೆ. ಬಿಸಿಲಿನಲ್ಲಿ ಅಂಥ ಅತಿನೇರಳೆ 4–5% ಮಾತ್ರ.

ಬೇಕಾದ್ದು ಲೇಪನವಿಲ್ಲದ ಅನಾಟೇಸ್ ಬಗೆಯ ಪುಡಿ, ಲೀಟರಿಗೆ ಅರ್ಧದಿಂದ ಒಂದು ಗ್ರಾಂ. ಪೇಂಟ್ ಅಂಗಡಿಯ ಬಿಳಿ ಟೈಟಾನಿಯಂ ತಂದು ಏನೂ ಆಗಲಿಲ್ಲ ಎಂದರೆ ಆಶ್ಚರ್ಯವಿಲ್ಲ: ಅದು ಸಾಮಾನ್ಯವಾಗಿ ರೂಟೈಲ್ ಎಂಬ ಇನ್ನೊಂದು ಬಗೆ, ಬಣ್ಣ ಬಿಸಿಲಿಗೆ ಹಾಳಾಗದಿರಲೆಂದು ಸಿಲಿಕಾ, ಅಲ್ಯುಮಿನಾ ಲೇಪಿಸಿ ಅದರ ಚುರುಕನ್ನು ಬೇಕೆಂದೇ ಕೊಂದಿರುತ್ತಾರೆ. ಪುಡಿಯನ್ನು ನೀರಿನಿಂದ ಮತ್ತೆ ಬೇರ್ಪಡಿಸುವುದು ದೊಡ್ಡ ತಲೆನೋವಾದ್ದರಿಂದ ಉಜ್ಜಿ ಒರಟು ಮಾಡಿದ ಗಾಜಿಗೋ ಟೈಲಿಗೋ ಹಚ್ಚಿ 400–500 ಡಿಗ್ರಿಯಲ್ಲಿ ಅರ್ಧ ಗಂಟೆ ಸುಟ್ಟು ಬಳಸುತ್ತಾರೆ. ನೀರು ತೆಳುಪದರವಾಗಿ ಅದರ ಮೇಲೆ ಹರಿಯಬೇಕು. ಮೇಲೆ ಪಾಲಿಕಾರ್ಬೊನೇಟ್ ಹಾಳೆ ಮುಚ್ಚಿದರೆ ಅತಿನೇರಳೆ ಪೂರಾ ನಿಂತುಹೋಗುತ್ತದೆ. ಯುವಿ ತಡೆಯುವ ಪಾಲಿಹೌಸ್ ಹಾಳೆಯೂ ಅದೇ ಕಥೆ. ಆವಿ ತಟ್ಟೆಗೆ ಒಳ್ಳೆಯದಾದ ಗೂಡು ಇದಕ್ಕೆ ಕೆಟ್ಟದ್ದು.

ಮೋಡದ ದಿನವೂ ಅತಿನೇರಳೆ ಚದುರಿ ಬರುವುದರಿಂದ ಚಪ್ಪಟೆ ಫಲಕ ನಿಧಾನವಾಗಿಯಾದರೂ ನಡೆಯುತ್ತದೆ. ಕನ್ನಡಿಯಿಂದ ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸುವ ರಿಯಾಕ್ಟರ್ ನಡೆಯುವುದಿಲ್ಲ. ಸ್ಪೇನಿನ ಅಲ್ಮೇರಿಯಾದ ಸೌರ ಕೇಂದ್ರದಲ್ಲಿ ಚದುರಿದ ಬೆಳಕನ್ನೂ ಹಿಡಿಯುವ ಕೊಳವೆ-ಕನ್ನಡಿ ಜೋಡಿಯನ್ನು ಬಳಸುತ್ತಾರೆ.

ಕ್ರೋಮಿಯಂ ನೀರಿಗೆ ಇದನ್ನು ಕೊಳ್ಳುವ ಮೊದಲು ಹಳೆಯ ವಿಧಾನದೊಡನೆ ತೂಗಿ ನೋಡಿ. ಪಿಎಚ್ 2–2.5ರಲ್ಲಿ ಒಂದು ಗ್ರಾಂ ಕ್ರೋಮಿಯಂಗೆ ಸುಮಾರು 3 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಅರ್ಧ ಗಂಟೆಯಲ್ಲಿ ಹಳದಿ ಹೋಗಿ ಹಸಿರಾಗುತ್ತದೆ. ಆಮೇಲೆ ಪಿಎಚ್ 8–8.5ಕ್ಕೆ ಏರಿಸಿ ತಳ ಸೇರಿಸಬಹುದು. ಬಿಸಿಲಿನ ಹಂಗಿಲ್ಲ. ಫೆರಸ್ ಸಲ್ಫೇಟಿನಲ್ಲಿ ಇದೇ ಕೆಲಸಕ್ಕೆ 16 ಗ್ರಾಂ ಬೇಕು, ಕೆಸರೂ ರಾಶಿ ಬೀಳುತ್ತದೆ. ಸಣ್ಣ ಪ್ಲೇಟಿಂಗ್ ಅಂಗಡಿಗೆ ಮೆಟಾಬೈಸಲ್ಫೈಟೇ ಸರಿ ಎಂದು ಧೈರ್ಯವಾಗಿ ಹೇಳಬಹುದು. ಕಾಲೇಜು ಲ್ಯಾಬಿನವರು, ಕ್ರೋಮಿಯಂ ಜೊತೆ ಬಣ್ಣವೋ ಸಾವಯವ ಕಲ್ಮಶವೋ ಬೆರೆತ ನೀರಿನವರು ಫೋಟೊಕ್ಯಾಟಲಿಸಿಸ್ ಮಾಡಿ ನೋಡಲಿ.

ಫೋಟೊ-ಫೆಂಟನ್

ಇದು ಲೋಹ ಕೊಡುವ ವಿಧಾನವಲ್ಲ, ಲೋಹವನ್ನು ಕಟ್ಟಿಹಾಕಿದ ಸಾವಯವ ವಸ್ತುವನ್ನು ಮುರಿಯುವ ವಿಧಾನ. ಇಡಿಟಿಎ, ಸಿಟ್ರೇಟ್ ಎಂಬ ಅಂಥ ವಸ್ತುಗಳಿರುವ ನೀರಿಗೆ ಎಷ್ಟು ಸುಣ್ಣ ಸುರಿದರೂ ತಾಮ್ರ ತಳ ಸೇರುವುದಿಲ್ಲ. ಅಲ್ಲಿ ಇದು ಬೇಕು. ಪಿಎಚ್ 2.8. 100 ಲೀಟರಿಗೆ 10 ಗ್ರಾಂ ಫೆರಸ್ ಸಲ್ಫೇಟ್. ಸಿಒಡಿ (ಕಲ್ಮಶ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 500 ಮಿ.ಗ್ರಾಂ ಇದ್ದರೆ 50% ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 180 ಮಿ.ಲೀ., ಒಂದೇ ಸಲ ಸುರಿಯದೆ ನಾಲ್ಕೈದು ಕಂತಿನಲ್ಲಿ. ಕೊನೆಗೆ ಸುಣ್ಣ ಹಾಕಿ ಪಿಎಚ್ 8.5–9ಕ್ಕೆ ಏರಿಸಿದರೆ ಕಬ್ಬಿಣ, ತಾಮ್ರ ಎರಡೂ ಒಟ್ಟಿಗೆ ತಳ ಸೇರುತ್ತವೆ.

ಕಾಫಿ ಪಲ್ಪಿಂಗ್ ನೀರಿಗೂ ಇದಾಗುತ್ತದೆಯೇ ಎಂಬ ಪ್ರಶ್ನೆ ಮಲೆನಾಡಿನಲ್ಲಿ ಸಹಜ. ಸಿಒಡಿ 5,000 ಇರುವ ಒಂದು ಸಾವಿರ ಲೀಟರಿಗೆ 50% ಪೆರಾಕ್ಸೈಡ್ 21 ಕೆ.ಜಿ. ಬೇಕು. ಬೇಡ, ಬಯೋಗ್ಯಾಸಿಗೆ ಹಾಕಿ. ಅಡಿಕೆ ಚೊಗರಿನ ನೀರೂ ಬೇಡ: ಅದರ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಶಾಯಿಯಾಗುತ್ತದೆ, ಬೆಳಕು ಒಳಗೆ ಇಳಿಯುವುದೇ ಇಲ್ಲ.

ಯಾರಿಗೆ ಯಾವುದು

ಅಡಿಕೆ ತೋಟದವರು ಯಾವ ಯಂತ್ರವನ್ನೂ ಕೊಳ್ಳಬೇಕಿಲ್ಲ. 1% ಬೋರ್ಡೋದಲ್ಲಿ ಲೀಟರಿಗೆ ಎರಡೂವರೆ ಗ್ರಾಂ ತಾಮ್ರವಿದೆ, 10 ಲೀಟರ್ ಉಳಿದರೆ 25 ಗ್ರಾಂ. ಅದಕ್ಕಾಗಿ ಸೆಲ್ ಕಟ್ಟುವುದು ವ್ಯರ್ಥ. ಉಳಿದದ್ದನ್ನು ಅದೇ ದಿನ ಮುಂದಿನ ಸಾಲಿಗೆ ಹೊಡೆಯಿರಿ, ಡ್ರಮ್ ತೊಳೆದ ನೀರನ್ನು ಮುಂದಿನ ಸಲದ ಸುಣ್ಣ ಕರಗಿಸಲು ಇಟ್ಟುಕೊಳ್ಳಿ. ಹಳ್ಳಕ್ಕೆ ಮಾತ್ರ ಚೆಲ್ಲಬೇಡಿ, ಮೀನಿಗೆ ತಾಮ್ರ ವಿಷ.

ದಿನಕ್ಕೆ 50 ಲೀಟರ್, ಲೀಟರಿಗೆ ಒಂದು ಗ್ರಾಂ ತಾಮ್ರದ ತೊಳೆನೀರು ಬರುವ ಅಂಗಡಿಗೆ ಜೋಡಿ ವ್ಯವಸ್ಥೆ ಸೂಕ್ತ. 12.5 ಚ.ಮೀ. ಚಾವಣಿಯ ತಟ್ಟೆ ದಿನಕ್ಕೆ 50 ಲೀಟರ್ ಆರಿಸಿ, ಸೆಲ್ಲಿನಿಂದ ಮರಳಿದ 10 ಲೀಟರೂ ಸೇರಿದ 60 ಲೀಟರನ್ನು 10 ಲೀಟರಿಗೆ ಇಳಿಸುತ್ತದೆ, ಸಾಂದ್ರತೆ 6 ಗ್ರಾಮಿಗೆ ಏರುತ್ತದೆ. ಅದರಿಂದ 50 ವ್ಯಾಟ್ ಪ್ಯಾನೆಲ್ಲಿನ ಸೆಲ್ ದಿನಕ್ಕೆ 50 ಗ್ರಾಂ ತಾಮ್ರ ತೆಗೆದು, 1 ಗ್ರಾಮಿಗೆ ಇಳಿದ ನೀರನ್ನು ಮತ್ತೆ ತಟ್ಟೆಗೆ ಕೊಡುತ್ತದೆ. ಹೀಗೆ ಸುತ್ತುತ್ತಾ ಆಮ್ಲವೂ ಸೋಡಿಯಂ ಉಪ್ಪೂ ಗಟ್ಟಿಯಾಗುತ್ತಾ ಹೋಗುವುದರಿಂದ ತಿಂಗಳಿಗೊಮ್ಮೆ ಒಂದು ಪಾಲನ್ನು ಹೊರತೆಗೆದು ಸುಣ್ಣ ಹಾಕಿ ಮುಗಿಸಬೇಕು. ಫೆರಿಕ್ ಕ್ಲೋರೈಡಿನ ಎಚಿಂಗ್ ದ್ರಾವಣವನ್ನು ಈ ಸೆಲ್ಲಿಗೆ ಹಾಕಬೇಡಿ. ಕೂತ ತಾಮ್ರವನ್ನು ಅದೇ ತಿನ್ನುತ್ತದೆ. ಅದಕ್ಕೆ ಗುಜರಿ ಕಬ್ಬಿಣವೇ ಮದ್ದು.

ಮಳೆಗಾಲಕ್ಕೂ ಅದೇ ಗುಜರಿ ಕಬ್ಬಿಣ ಆಸರೆ. ಆರಿದ್ರಾ ಹಿಡಿದ ಮೇಲೆ ಕಾರ್ಮೋಡದ ದಿನ ಪ್ಯಾನೆಲ್ ತನ್ನ ಶಕ್ತಿಯ 10–25% ಕೊಟ್ಟರೆ ಹೆಚ್ಚು, ತಟ್ಟೆಯಂತೂ ಆರುವುದೇ ಇಲ್ಲ. ಪಿಎಚ್ 2–3ರ ತಾಮ್ರದ ನೀರನ್ನು ಕಬ್ಬಿಣದ ಚೂರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಯಿಸಿ. ಲೆಕ್ಕದಲ್ಲಿ ಒಂದು ಕೆ.ಜಿ. ತಾಮ್ರಕ್ಕೆ 0.88 ಕೆ.ಜಿ. ಕಬ್ಬಿಣ, ಆಮ್ಲವೂ ತಿನ್ನುವುದರಿಂದ ಎರಡರಷ್ಟು ಇಟ್ಟುಕೊಳ್ಳಿ. ಡ್ರಮ್ಮಿನ ಬಾಯಿ ಬಿಗಿಯಬೇಡಿ, ಹೈಡ್ರೋಜನ್ ಏಳುತ್ತದೆ. ಸಿಗುವ ತಾಮ್ರ ಕೆಂಪು ಸ್ಪಂಜು, ಗುಜರಿಯಲ್ಲಿ ತಗಡಿನ ತಾಮ್ರಕ್ಕಿಂತ ಬೆಲೆ ಕಡಿಮೆ. ಹೊರಬಂದ ನೀರಿನಲ್ಲಿ ಕಬ್ಬಿಣ ತುಂಬಿರುವುದರಿಂದ ಸುಣ್ಣ ಹಾಕದೆ ಬಿಡುವಂತಿಲ್ಲ.

ಯಾವ ದಾರಿಯಲ್ಲೂ ಕೊನೆಗೆ ಒಂದಿಷ್ಟು ಕೆಸರು ಉಳಿಯುತ್ತದೆ. ಪ್ಲೇಟಿಂಗ್ ಕೆಸರು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ; ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಜೂನಿನಲ್ಲಿ ನೀರು ನುಗ್ಗುವ ಜಾಗದಲ್ಲಿ ಮೂಟೆ ಇರಬಾರದು. ಮೇ ಮುಗಿಯುವುದರೊಳಗೆ ತಟ್ಟೆ ಬರಿದು ಮಾಡಿ, ಕೆಸರನ್ನು ಒಣಗಿಸಿ, ಲೋಹದ ಹೆಸರು ಮತ್ತು ತಾರೀಖು ಬರೆದ ಮುಚ್ಚಳದ ಡ್ರಮ್ಮಿಗೆ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಗ್ರಹಗಾರರಿಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳಿ.